ಸದ್ದು, ಕಂಪು, ರುಚಿಯ ಚಿತ್ರ ಬರೆಯುವವರಿಗೆ ಹಂಪಿ

ಹಂಪಿಯ ಅರಮನೆ ಆವರಣದಿಂದ ತುಸು ದೂರದಲ್ಲಿ, ಕಿರುಗಾಲುವೆಯೊಂದರ ಎರಡೂ ಬದಿಗೆ ಕಲ್ಲಿನ ಊಟದ ತಟ್ಟೆಗಳು ಸಾಲಾಗಿ ಕೂತಿವೆ. ಭೋಜನಶಾಲೆ ಎಂದು ಹೆಸರು. ಪ್ರವಾಸಿಗರು ಇಲ್ಲಿ ನಿಲ್ಲುವುದು ಕಡಿಮೆ, ಅವರ ಅವಸರವೆಲ್ಲ ಕಲ್ಲಿನ ರಥದ ಮುಂದಿನ ಸೆಲ್ಫಿಗೆ. ಚಿತ್ರ ಬರೆಯುವವರು ಮಾತ್ರ ಮೊದಲು ಇಲ್ಲಿಗೇ ಬರಬೇಕು.

ಒಂದು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಅನ್ನಕ್ಕೆಂದು ದೊಡ್ಡ ಗುಳಿ, ಅದರ ಸುತ್ತ ಪಲ್ಯಕ್ಕೆ, ಚಟ್ನಿಗೆ, ಉಪ್ಪಿನಕಾಯಿಗೆ ಎಂಬಂತೆ ಸಣ್ಣ ಗುಳಿಗಳು. ಬಾಳೆಎಲೆಯ ಮೇಲೆ ನಾವು ಇವತ್ತಿಗೂ ಪಾಲಿಸುವ ಬಡಿಸುವ ಕ್ರಮವನ್ನು ಯಾರೋ ಉಳಿಯಲ್ಲಿ ಕೆತ್ತಿಟ್ಟಿದ್ದಾರೆ. ಸಾರು ಪಲ್ಯಕ್ಕೆ ಹರಿಯಬಾರದು, ಹುಳಿ ಸಿಹಿಗೆ ತಾಗಬಾರದು, ಬೆರೆಸುವುದು ಉಣ್ಣುವವನ ಬೆರಳಿಗೆ ಬಿಟ್ಟದ್ದು. ಪೆನ್ಸಿಲ್ಲಿನಲ್ಲಿ ಈ ಗುಳಿಗಳ ನೆರಳನ್ನು ತುಂಬುತ್ತ ಹೋದರೆ ಯಾವುದು ಆಳ, ಯಾವುದು ತೆಳು ಎಂಬುದು ಕೈಗೇ ತಿಳಿಯುತ್ತದೆ. ರುಚಿಯ ಚಿತ್ರವೆಂದರೆ ಹೋಳಿಗೆಯ ಚಿತ್ರವಲ್ಲ, ರುಚಿಗೆ ಜಾಗ ಮಾಡಿಕೊಟ್ಟ ಆಕಾರದ ಚಿತ್ರ.

ಈ ಯೋಚನೆ ಕನ್ನಡ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸುಗಂಧ ಲೇಪನ, ವಾದ್ಯ, ಚಿತ್ರಕಲೆ ಎಲ್ಲವೂ ಒಂದೇ ಹೊದಿಕೆಯೊಳಗಿವೆ. ನಮ್ಮ ಕಲಾಶಾಲೆಗಳು ಆಮೇಲೆ ಇವನ್ನು ಬೇರೆ ಬೇರೆ ಕೋಣೆಗೆ ಹಾಕಿದವು.

ವಾಸನೆ ಇನ್ನೂ ಕಷ್ಟದ ವಿಷಯ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯ ಎಂಬರ್ಥದಲ್ಲಿ ಬರೆದಿಟ್ಟ. ಹಜಾರರಾಮ ಗುಡಿಯ ಬಳಿಯಿಂದ ಈಶಾನ್ಯಕ್ಕೆ ಹೊರಡುವ ಬೀದಿ ಪಾನ್ ಸುಪಾರಿ ಬಜಾರು. ಇಮ್ಮಡಿ ದೇವರಾಯ ಅಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ 1426ರ ಶಾಸನವೇ ಅದನ್ನು ಎಲೆ ಅಡಿಕೆಯ ಬೀದಿ ಎನ್ನುತ್ತದೆ. ಈಗ ಅಲ್ಲಿ ಎಲೆಯೂ ಇಲ್ಲ, ಗುಲಾಬಿಯೂ ಇಲ್ಲ, ಒಣಹುಲ್ಲಿನ ವಾಸನೆ. ವಿರೂಪಾಕ್ಷ ಗುಡಿಗೆ ಬನ್ನಿ, ಮೂಗಿಗೆ ಮತ್ತೆ ಕೆಲಸ: ಕರ್ಪೂರ, ಮಲ್ಲಿಗೆ, ಗುಡಿಯ ಆನೆಯ ಮೈವಾಸನೆ. ವಾಸನೆಗೆ ಆಕಾರವಿಲ್ಲದಿದ್ದರೂ ಸರಹದ್ದು ಇದೆ. ಎಲ್ಲಿ ಶುರುವಾಯಿತು, ಯಾವ ಕಂಬದ ಹತ್ತಿರ ನಿಂತಿತು, ಗಾಳಿ ಯಾವ ಕಡೆಗೆ ಎಳೆದೊಯ್ದಿತು ಎಂದು ಗುರುತು ಹಾಕುತ್ತ ಹೋದರೆ ಗುಡಿಯ ಮತ್ತೊಂದು ನಕ್ಷೆಯೇ ಸಿಗುತ್ತದೆ. ಪುರಾತತ್ತ್ವ ಇಲಾಖೆಯ ಫಲಕದಲ್ಲಿ ಅದಿರುವುದಿಲ್ಲ.

ಸದ್ದನ್ನು ಬರೆಯುವ ಪಾಠಕ್ಕೆ ಹಜಾರರಾಮ ಗುಡಿಯ ಹೊರಗೋಡೆಗಿಂತ ಒಳ್ಳೆಯ ಗುರು ನನಗೆ ಕಂಡಿಲ್ಲ. ಕೆಳಸಾಲಿನಲ್ಲಿ ಆನೆ, ಮೇಲೆ ಕುದುರೆ, ಅದರ ಮೇಲೆ ಕಾಲಾಳು, ಇನ್ನೂ ಮೇಲೆ ಕುಣಿಯುವವರು, ಬಾರಿಸುವವರು. ಮೆರವಣಿಗೆಯ ಗದ್ದಲವೆಲ್ಲ ಗೋಡೆಯ ಮೇಲೆ. ಶಿಲ್ಪಿ ಸದ್ದಿಗೆ ಅಲೆ ಗೆರೆ ಎಳೆಯಲಿಲ್ಲ, ಬಾರಿಸುವ ಮೈಯನ್ನು ಕೆತ್ತಿದ. ಎತ್ತಿದ ಕೈ, ಮಡಿಸಿದ ಮೊಣಕಾಲು, ಒಂದೇ ಲಯಕ್ಕೆ ವಾಲಿದ ಸಾಲು ನೋಡಿದವರ ಕಿವಿ ತಾನೇ ತುಂಬುತ್ತದೆ. ಉಡುಪಿ ಸೀಮೆಯ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖೆಗಳು ಹಾಡಿದಂತೆ ಕಾಣುವುದೂ ಇದೇ ಗುಟ್ಟಿನಿಂದ ಎಂದು ನನಗನ್ನಿಸುತ್ತದೆ.

ವಿಜಯ ವಿಠ್ಠಲ ಗುಡಿಯ ಸಂಗೀತ ಕಂಬಗಳ ಬಗ್ಗೆ ದಂತಕತೆಗಳು ಹೆಚ್ಚು. ಒಳಗೆ ಟೊಳ್ಳಿದೆಯೇ ಎಂದು ನೋಡಲು ಬ್ರಿಟಿಷರು ಕಂಬ ಕೊಯ್ದ ಕತೆಯನ್ನು ಗೈಡುಗಳು ಇವತ್ತಿಗೂ ಹೇಳುತ್ತಾರೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೊಯ್ಯದೆಯೇ, ಶಬ್ದಾತೀತ ತರಂಗ ಮುಂತಾದ ಉಪಾಯಗಳಿಂದ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು: ಕಂಬಗಳು ಗಟ್ಟಿ ಕಲ್ಲು. ತಟ್ಟಿದಾಗ ಸಣ್ಣಗೆ ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ. ಬಾಗುವ ಕಂಬದ ನಾದ ಅದರ ಉದ್ದ, ದಪ್ಪಗಳನ್ನು ಅವಲಂಬಿಸಿರುತ್ತದೆ. ಅಂದರೆ ಅಳತೆ ತಪ್ಪದಂತೆ ಕಂಬವನ್ನು ಬರೆದರೆ ನೀವು ಸ್ವರವನ್ನೇ ಬರೆದಂತಾಯಿತು. ಈಗ ತಟ್ಟಲು ಬಿಡುವುದಿಲ್ಲ, ಬಿಡಲೂಬಾರದು. ನೂರಾರು ಜನರ ಬೆರಳಿಗೆ ಯಾವ ಕಲ್ಲೂ ತಾಳದು.

ಹೊಸಪೇಟೆಗೆ ಮರಳಿದರೆ ವಗ್ಗರಣಿ ಮಂಡಕ್ಕಿ ಮತ್ತು ಮಿರ್ಚಿ. ನೆನೆಸಿದ ಮಂಡಕ್ಕಿ ಬಾಣಲೆಗೆ ಬಿದ್ದಾಗಿನ ಸದ್ದು, ಹಸಿಮೆಣಸಿನ ಘಾಟು, ಹುರಿಗಡಲೆ ಪುಡಿಯ ರುಚಿ ಮೂರೂ ಒಟ್ಟಿಗೆ ಸಿಗುತ್ತವೆ, ಬರೆಯುವಷ್ಟರಲ್ಲಿ ತಟ್ಟೆ ಖಾಲಿ. ಕಂಪ್ಲಿಯ ದಾರಿಯಲ್ಲಿ ಹೊಳೆ, ಗದ್ದೆ, ಕಬ್ಬು. ಬೆಲ್ಲ ಕಾಯಿಸುವ ಹೊತ್ತಿಗೆ ಆಲೆಮನೆ ಸಿಕ್ಕರೆ ಬಿಡಬೇಡಿ.

ಸಂಡೂರಿಗೆ ಬೇರೆ ಕಾರಣಕ್ಕೆ ಹೋಗಬೇಕು. ಅಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಕೆಲಸ ನೋಡಬಹುದು. ಕನ್ನಡಿ, ಕವಡೆ, ನಾಣ್ಯ, ಗೆಜ್ಜೆಯ ಸಾಂಪ್ರದಾಯಿಕ ಉಡುಪು ಕಣ್ಣಿಗಷ್ಟೇ ಅಲ್ಲ, ನಡೆದರೆ ಉಲಿಯುತ್ತದೆ. ಪಟ್ಟಣದ ಅಂಗಡಿಗೆ ಹೊಲಿಯುವ ಚೀಲ, ದಿಂಬಿನ ಹೊದಿಕೆಗಳಲ್ಲಿ ಹೊಲಿಗೆ ಉಳಿದು ಸದ್ದು ಕಳಚಿಹೋಗುತ್ತಿದೆ. ವಿನ್ಯಾಸ ಕಲಿಯುವ ಹುಡುಗರು ಇದನ್ನು ಗಮನಿಸಬೇಕು.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ, ಬೇಸಿಗೆಯಲ್ಲಿ ಬಂಡೆ ಕಾದು ಕೂರಲಾಗುವುದಿಲ್ಲ. ಪೆನ್ಸಿಲ್ ಮತ್ತು ಕಾಗದ ಸಾಕು. ಹಂಪಿ ಉತ್ಸವದ ದಿನಗಳನ್ನು ಬಿಟ್ಟುಬಿಡಿ, ಧ್ವನಿವರ್ಧಕದ ಮುಂದೆ ಬೇರೇನೂ ಕೇಳಿಸದು.