ಮುಗಿಲನ್ನು ಕಾಯುವ ಕಣ್ಣು

ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಮಳೆಯನ್ನೇ ನೆಚ್ಚಿದ ರೈತನು ತಲೆಯೆತ್ತಿ ನೋಡುವ ಮುಗಿಲನ್ನು ಮೇಲಿನಿಂದ ನೋಡುವ ಕಣ್ಣೊಂದುಂಟು. ಅದೇ ಇನ್ಸಾಟ್-3ಡಿಎಸ್ ಎಂಬ ಹವಾಮಾನ ಉಪಗ್ರಹ. 2,274 ಕಿಲೋಗ್ರಾಂ ತೂಕದ ಇದನ್ನು 2024ರ ಫೆಬ್ರವರಿ 17ರಂದು ಶ್ರೀಹರಿಕೋಟೆಯಿಂದ ಹಾರಿಸಲಾಯಿತು. ಇದರ ನಿಯಂತ್ರಣ ಹಾಸನದ ಕೇಂದ್ರದ್ದು.

ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಆವರ್ತನಕ್ಕೆ ಸರಿಯಾಗಿ ಸುತ್ತುವುದರಿಂದ, ಅದು ನಿಂತಲ್ಲೇ ನಿಂತಂತೆ ತೋರುತ್ತದೆ. ಅದರ ಚಿತ್ರಗ್ರಾಹಕವು 6 ಬಗೆಯ ಕಿರಣಗಳಲ್ಲಿ ಮೋಡಗಳನ್ನು ಚಿತ್ರಿಸುತ್ತದೆ. ಇನ್ನೊಂದು ಉಪಕರಣವು 19 ಬಗೆಯ ಕಿರಣಗಳಿಂದ ವಾಯುಮಂಡಲದ ಪದರಪದರದ ಉಷ್ಣತೆಯನ್ನೂ ತೇವವನ್ನೂ ಗುರುತಿಸುತ್ತದೆ. ಇರುಳಿನಲ್ಲಿ ಮೋಡದ ನೆತ್ತಿಯ ಶಾಖವೇ ಅದಕ್ಕೆ ದಾರಿ: ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ.

ಆದರೂ ಈ ಕಣ್ಣಿಗೆ ಮಿತಿಯುಂಟು. ಶಾಖದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಸುಮಾರು 4 ಕಿಲೋಮೀಟರ್. ಒಂದು ಹೊಲ ನೆನೆದು ನೆರೆಯ ಹೊಲ ಒಣಗಿ ಉಳಿದರೆ ಆ ಭೇದ ಅದಕ್ಕೆ ತಿಳಿಯದು. ಅದು ಕಾಣುವುದು ಮೋಡವನ್ನು, ನೆಲಕ್ಕೆ ಬಿದ್ದ ಹನಿಯನ್ನಲ್ಲ. ಹನಿಯ ಲೆಕ್ಕಕ್ಕೆ ಊರಿನ ಮಳೆಮಾಪಕವೇ ಬೇಕು. ಮೋಡವನ್ನಷ್ಟೇ ನಂಬಿ ಬಿತ್ತಿದರೆ ಬೀಜವೇ ನಷ್ಟವಾದೀತು. ಆಕಾಶದ ಚಿತ್ರವೂ ನೆಲದ ಅಳತೆಯೂ ಕೂಡಿದಾಗಲೇ ರೈತನಿಗೆ ಭರವಸೆ.