ಹಿಂಬೀದಿಗೆ ಸರಿದ ಬೆಂಗಳೂರು

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಹಾಯುವ ಚರ್ಚ್ ಸ್ಟ್ರೀಟಿನ ಉದ್ದ ಹೆಚ್ಚೆಂದರೆ ಮುಕ್ಕಾಲು ಕಿಲೋಮೀಟರ್. ಸುಮ್ಮನೆ ನಡೆದುಹೋಗುವವರಿಗೆ ಹತ್ತು ಹದಿನೈದು ನಿಮಿಷದ ದಾರಿ. ಪುಸ್ತಕದ ಹುಚ್ಚಿದ್ದವರು ಹನ್ನೊಂದು ಗಂಟೆಗೆ ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹೊಸ ಪುಸ್ತಕ, ಹಳೆ ಪುಸ್ತಕ ಮಾರುವ ಇಷ್ಟೊಂದು ಅಂಗಡಿಗಳು ಇಷ್ಟು ಹತ್ತಿರ ಹತ್ತಿರ ಸಿಗುವ ಬೀದಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇನ್ನೊಂದಿಲ್ಲ. ಇವುಗಳಲ್ಲಿ ಹಲವು ಇಲ್ಲೇ ಹುಟ್ಟಿದವಲ್ಲ, ಪಕ್ಕದ ಎಂ.ಜಿ. ರಸ್ತೆಯಿಂದ ಒಂದೊಂದಾಗಿ ಬಂದು ನೆಲೆ ನಿಂತವು.

ಎಂ.ಜಿ. ರಸ್ತೆಯ ಸಾಲಿಗೆ ಇದು ಹಿಂಬೀದಿ. 1809ರಲ್ಲಿ ಬ್ರಿಟಿಷರು ದಂಡು ಹೂಡಿದಾಗ ಸೈನಿಕರ ಕವಾಯತಿಗೆ ದೊಡ್ಡ ಮೈದಾನ ಬಿಟ್ಟುಕೊಂಡರು. ಅದರ ದಕ್ಷಿಣಕ್ಕಿದ್ದ ರಸ್ತೆಗೆ ಸೌತ್ ಪರೇಡ್ ಎಂದು ಹೆಸರಾಯಿತು. 1948ರ ಫೆಬ್ರುವರಿಯಲ್ಲಿ, ಗಾಂಧೀಜಿಯ ಹತ್ಯೆಯಾದ ಕೆಲವೇ ವಾರಗಳಲ್ಲಿ, ಅದೇ ಮಹಾತ್ಮ ಗಾಂಧಿ ರಸ್ತೆಯಾಯಿತು. ಉತ್ತರಕ್ಕೆ ಮೈದಾನವಿದ್ದದ್ದರಿಂದ ಅಂಗಡಿ ಸಾಲು ಬೆಳೆದದ್ದು ಬಹುಪಾಲು ದಕ್ಷಿಣದ ಒಂದೇ ಮಗ್ಗುಲಲ್ಲಿ. ಎದುರು ಮಗ್ಗುಲಲ್ಲಿ ಮರಗಳ ಸಾಲು, ಕಾಗದದ ಹೂವಿನ ಬಳ್ಳಿ ಹಬ್ಬಿದ ನಡಿಗೆ ದಾರಿ. ಸಂಜೆ ಹೊತ್ತು ಊರಿನ ಜನ ಏನೂ ಕೊಳ್ಳದೆ ಅಡ್ಡಾಡಲು ಬರುತ್ತಿದ್ದ ಜಾಗ ಅದು.

ಆ ದಾರಿ 2009ರಲ್ಲಿ ಮೆಟ್ರೊಗಾಗಿ ಹೋಯಿತು. 1930ರ ದಶಕದಲ್ಲಿ ಶುರುವಾಗಿದ್ದ ಪ್ಲಾಜಾ ಚಿತ್ರಮಂದಿರ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು. ಆ ನಿವೇಶನ ಈಗ ಮೆಟ್ರೊ ನಿಲ್ದಾಣ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಮೆಟ್ರೊ ಬೇಡವಿತ್ತು ಎಂದು ಹೇಳಲಾರೆ. ವೈಟ್‌ಫೀಲ್ಡಿನಿಂದಲೋ ವಿಜಯನಗರದಿಂದಲೋ ಹುಡುಗ ಹುಡುಗಿಯರು ಪುಸ್ತಕ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರೆ ಅದಕ್ಕೆ ಆ ರೈಲೂ ಕಾರಣ. ಆದರೆ ತೆತ್ತ ಬೆಲೆ ದೊಡ್ಡದು.

ಅದೇ 2009ರಲ್ಲಿ ಇಂಡಿಯಾ ಕಾಫಿ ಹೌಸ್ ಎಂ.ಜಿ. ರಸ್ತೆಯ ಬಾಡಿಗೆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಈ ಸಂಸ್ಥೆಯ ಕಥೆಯನ್ನು ಕನ್ನಡಿಗರು ತಿಳಿದಿರಬೇಕು. 1930ರ ದಶಕದಲ್ಲಿ ರಫ್ತು ಕುಸಿದು ಕೊಡಗು, ಚಿಕ್ಕಮಗಳೂರಿನ ಕಾಫಿ ಕೇಳುವವರಿಲ್ಲದಂತಾದಾಗ, ದೇಶದ ಒಳಗೇ ಕುಡಿಯುವವರನ್ನು ಹುಟ್ಟಿಸಬೇಕೆಂದು ಸರ್ಕಾರದ ಕಾಫಿ ಸೆಸ್ ಸಮಿತಿ ತೆರೆದ ಮಳಿಗೆಗಳು ಇವು. ಮೊದಲನೆಯದು 1936ರಲ್ಲಿ ಮುಂಬೈಯಲ್ಲಿ ಆಯಿತು. ಮುಂದೆ ಇವನ್ನು ನಡೆಸುತ್ತಿದ್ದ ಕಾಫಿ ಬೋರ್ಡ್ 1950ರ ದಶಕದ ನಡುವೆ ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರನ್ನು ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಒಗ್ಗೂಡಿಸಿದರು. ಅವರ ಮೊದಲ ಸಹಕಾರ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಬಿಳಿ ಸಮವಸ್ತ್ರ, ಗರಿ ಗರಿ ಪೇಟ, ಸೊಂಟಕ್ಕೆ ಜರಿಪಟ್ಟಿ ಕಟ್ಟಿಕೊಂಡು ಆಮ್ಲೆಟ್, ಕಟ್ಲೆಟ್ ತಂದಿಡುವ ಮಾಣಿ ಆ ಹೋಟೆಲಿನ ಪಾಲುದಾರ. ಒಂದು ಕಪ್ ಕಾಫಿ ಹೇಳಿ ಎರಡು ಗಂಟೆ ಹರಟಿದವರನ್ನು ಅಲ್ಲಿ ಯಾರೂ ಏಳಿಸುತ್ತಿರಲಿಲ್ಲ. ನಾಟಕದವರು, ಪತ್ರಕರ್ತರು, ಕೆಲಸ ಹುಡುಕುತ್ತಿದ್ದ ಪದವೀಧರರು ಕೂರಲು ಬೇರೆ ಜಾಗ ಎಲ್ಲಿತ್ತು?

1996ರಲ್ಲಿ ಕೂಗಳತೆಯ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಚಿಕ್ಕಮಗಳೂರಿನ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಅಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಮಾರಿದರು. ಮಲೆನಾಡಿನ ಕಾಫಿ ನಗರದ ಯುವಕರನ್ನು ಎರಡು ತಲೆಮಾರು ಎರಡು ಬಗೆಯಲ್ಲಿ ಮಾತಿಗೆ ಕೂರಿಸಿದ್ದು ಇದೇ ನಾಲ್ಕಾರು ಬೀದಿಗಳ ನಡುವೆ.

ಪುಸ್ತಕದ ಮಾತಿಗೆ ಬರೋಣ. ಚರ್ಚ್ ಸ್ಟ್ರೀಟ್ ಮತ್ತು ಮ್ಯೂಸಿಯಂ ರಸ್ತೆ ಸೇರುವಲ್ಲಿ ಟಿ.ಎಸ್. ಶಾನಭಾಗರು 1971ರಿಂದ 2009ರವರೆಗೆ ಪ್ರೀಮಿಯರ್ ಬುಕ್‌ಶಾಪ್ ನಡೆಸಿದರು. ಪುಟ್ಟ ಅಂಗಡಿ, ನೆಲದಿಂದ ಸೂರಿನವರೆಗೆ ಪುಸ್ತಕಗಳ ಅಟ್ಟಿ, ಅಟ್ಟಿಯ ಹಿಂದೆ ಇನ್ನೊಂದು ಅಟ್ಟಿ, ನಡುವೆ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟೇ ಜಾಗ. ಗಿರಾಕಿ ಹೆಸರು ಹೇಳಿದರೆ ಸಾಕು, ಕಂಪ್ಯೂಟರಿಲ್ಲ, ಪಟ್ಟಿಯಿಲ್ಲ, ಶಾನಭಾಗರು ನೇರ ಹೋಗಿ ಅಟ್ಟಿ ಕುಸಿಯದಂತೆ ಒಳಗಿನ ಪುಸ್ತಕವನ್ನು ಎಳೆದು ಕೈಗಿಡುತ್ತಿದ್ದರು. ಕೊಂಡವರಿಗೆ ರಿಯಾಯಿತಿ ಖಾತ್ರಿ. ಇತಿಹಾಸಕಾರ ರಾಮಚಂದ್ರ ಗುಹಾ ಈ ಅಂಗಡಿಯ ಬಗ್ಗೆ ಪ್ರೀತಿಯಿಂದ ಬರೆದಿದ್ದಾರೆ. ಶಾನಭಾಗರು 2021ರ ಕೋವಿಡ್ ಅಲೆಯಲ್ಲಿ ತೀರಿಕೊಂಡರು. ಒಬ್ಬ ಅಂಗಡಿಯವರ ಸಾವಿಗೆ ಇಡೀ ನಗರದ ಓದುಗರು ಮರುಗಿದ್ದನ್ನು ನಾನು ಆಗಲೇ ನೋಡಿದ್ದು.

ಪ್ರೀಮಿಯರ್ ಮುಚ್ಚುವ ಹೊತ್ತಿಗೆ ಇದೇ ಬೀದಿಯಲ್ಲಿ ಬ್ಲಾಸಮ್ ಎಂಬ ಪುಸ್ತಕದಂಗಡಿ ಬೇರು ಬಿಟ್ಟಾಗಿತ್ತು. ಅದನ್ನು ಕಟ್ಟಿದ ಮಾಯಿಗೌಡರು ಮೈಸೂರು ಸೀಮೆಯ ಹಳ್ಳಿಯಿಂದ ಬಂದವರು, ಎಂಜಿನಿಯರಿಂಗ್ ಓದಿದವರು, ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿಕೊಂಡು ವ್ಯಾಪಾರ ಕಲಿತವರು. ಇಂಗ್ಲಿಷ್ ಕಾದಂಬರಿಗಳ ದೊಡ್ಡ ವಹಿವಾಟೊಂದು ಬೇಸಾಯದ ಹಿನ್ನೆಲೆಯ ಕನ್ನಡಿಗರ ಕೈಗೆ ಬಂದದ್ದು ದಂಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಕನ್ನಡ ಮಾತಾಡಿದರೆ ಮುಖ ನೋಡುತ್ತಿದ್ದ ಕಾಲವೊಂದು ಇಲ್ಲಿತ್ತು. ಇಂದು ಮಹಡಿ ಮೆಟ್ಟಿಲಿನಲ್ಲಿ ಕೂತು ಪುಸ್ತಕ ವಿಂಗಡಿಸುವ ಹುಡುಗರ ನಡುವಿನ ಮಾತು ಮಂಡ್ಯ, ಮೈಸೂರಿನ ಕನ್ನಡ. ಬುಕ್‌ವರ್ಮ್ ಅಂಗಡಿ ಕೂಡ ಎಂ.ಜಿ. ರಸ್ತೆಯ ಶೃಂಗಾರ್ ಸಂಕೀರ್ಣದಿಂದ ಈ ಕಡೆ ಬಂದದ್ದು. ಮಹಡಿಗಳ ತುಂಬ ಪುಸ್ತಕವಿಟ್ಟಿದ್ದ ಗಂಗಾರಾಮ್ಸ್ ಸಹ ಮುಂಬೀದಿ ಬಿಟ್ಟು ಹಿಂಬೀದಿಗೇ ಬಂತು. ಮುಂಬೀದಿಯಲ್ಲಿ ಗಟ್ಟಿಯಾಗಿ ಉಳಿದದ್ದು ಶತಮಾನ ದಾಟಿದ ತನ್ನ ಕಟ್ಟಡದಲ್ಲಿರುವ ಹಿಗ್ಗಿನ್‌ಬಾಥಮ್ಸ್.

ಇಲ್ಲಿನ ಹಳೆ ಪುಸ್ತಕವೊಂದನ್ನು ತೆರೆದು ನೋಡಿ. ಮೊದಲ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಬೆಲೆ, ಅದರ ಕೆಳಗೆ ಯಾವುದೋ ಕ್ಲಬ್ಬಿನ ಗ್ರಂಥಾಲಯದ ಮಾಸಿದ ಮುದ್ರೆ, ಅದಕ್ಕೂ ಕೆಳಗೆ ಮಗಳ ಹುಟ್ಟುಹಬ್ಬಕ್ಕೆಂದು ಅಪ್ಪ ಬರೆದ ಒಕ್ಕಣೆ. ನಿವೃತ್ತರಾದ ಯಾರೋ ಮನೆ ಮಾರಿದಾಗ, ಮಕ್ಕಳು ವಿದೇಶಕ್ಕೆ ಹೋದಾಗ ಕಪಾಟುಗಳು ಖಾಲಿಯಾಗಿ ಇಲ್ಲಿಗೆ ಬರುತ್ತವೆ. ದಂಡಿನ ಹಳೆ ಬಂಗಲೆಗಳು ಅಪಾರ್ಟ್‌ಮೆಂಟ್ ಆಗುತ್ತಿರುವ ಕಥೆಯನ್ನು ಈ ಹಾಳೆಗಳಲ್ಲೂ ಓದಬಹುದು.

2018ರ ಮಾರ್ಚಿನಲ್ಲಿ ಚರ್ಚ್ ಸ್ಟ್ರೀಟ್ ಹೊಸ ರೂಪದಲ್ಲಿ ತೆರೆಯಿತು. ಟೆಂಡರ್‌ಶ್ಯೂರ್ ಎಂಬ ರಸ್ತೆ ನವೀಕರಣ ಯೋಜನೆಯಡಿ ಡಾಂಬರು ಕಿತ್ತು ಗ್ರಾನೈಟ್ ಕಲ್ಲು ಹಾಸಿದರು, ತಂತಿ ಕೊಳವೆಗಳನ್ನು ನೆಲದಡಿಗೆ ಕಳಿಸಿದರು, ಪಾದಚಾರಿಗೆ ಅಗಲ ಜಾಗ ಬಿಟ್ಟರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟದ್ದೂ ಉಂಟು. ಮಗುವಿನ ಕೈ ಬಿಟ್ಟು ನಡೆಯಬಹುದಾದ ಬೀದಿ ಈ ಊರಲ್ಲಿ ಎಷ್ಟಿವೆ? ಆ ಪ್ರಯೋಗ ಕಾಯಂ ಆಗಬೇಕಿತ್ತು. ಅಂಗಡಿಗಳ ಮುಖವೂ ಬದಲಾಗಿದೆ: 2024ರ ಕಾಯ್ದೆ ತಿದ್ದುಪಡಿಯ ನಂತರ ನಾಮಫಲಕಗಳಲ್ಲಿ ಕನ್ನಡಕ್ಕೆ ಶೇ 60 ಜಾಗ ಕಡ್ಡಾಯವಾಗಿದೆ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ತಲೆಯೆತ್ತಿದರೆ ಕನ್ನಡ ಕಾಣುವುದು ನನಗೆ ಸಂತೋಷದ ವಿಷಯ.

ಆದರೆ ಬೀದಿ ಚೆಂದವಾದಷ್ಟೂ ಬಾಡಿಗೆ ಏರುತ್ತದೆ. ಬಿಯರ್ ಮಾರುವವರು ಕೊಡುವಷ್ಟನ್ನು ಹಳೆ ಪುಸ್ತಕ ಮಾರುವವರು ಕೊಡಲಾರರು. ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರ 2018ರ ಕೊನೆಯ ದಿನ ಕೊನೆಯ ಆಟ ತೋರಿಸಿತು. ನಮ್ಮಲ್ಲಿ ಪಾರಂಪರಿಕ ಎಂಬ ಮನ್ನಣೆ ಸಿಗುವುದು ಗೋಡೆಗೆ, ಕಮಾನಿಗೆ. ಒಳಗೆ ಐವತ್ತು ವರ್ಷದಿಂದ ನಡೆದ ಬಾಡಿಗೆ ಅಂಗಡಿಗೆ ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಮೂವತ್ತು ವರ್ಷ ದಾಟಿದ ಅಂಗಡಿ ಹೋಟೆಲುಗಳ ಪಟ್ಟಿ ಮಾಡಿ, ಅವಕ್ಕೆ ಹತ್ತು ವರ್ಷದ ಕರಾರು ಬರೆದುಕೊಡುವ ಕಟ್ಟಡದ ಮಾಲೀಕರಿಗೆ ನಗರಾಡಳಿತವೇ ಅನುದಾನ ಕೊಡುವ ವ್ಯವಸ್ಥೆ ಅದು. ಕಲ್ಲು ಹಾಸಲು ಕೋಟಿಗಟ್ಟಲೆ ಸುರಿದ ನಮ್ಮ ನಗರಾಡಳಿತಕ್ಕೆ ಇದು ಆಗದ ಕೆಲಸವಲ್ಲ.

ಹೋಗುವುದಾದರೆ ವಾರದ ನಡುವೆ, ಬೆಳಗಿನ ಹೊತ್ತು ಹೋಗಿ. ಶನಿವಾರ ಸಂಜೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಮೆಟ್ರೊ ನಿಲ್ದಾಣದಿಂದ ರಸ್ತೆ ದಾಟಿದರೆ ಆಯಿತು, ಕಾರು ಬೇಡ. ಓದಿ ಮುಗಿಸಿದ ಪುಸ್ತಕಗಳಿದ್ದರೆ ಚೀಲದಲ್ಲಿ ತುಂಬಿಕೊಳ್ಳಿ, ಅವನ್ನು ಕೊಂಡುಕೊಳ್ಳುವವರೂ ಇಲ್ಲಿದ್ದಾರೆ. ಸೇಂಟ್ ಮಾರ್ಕ್ಸ್ ರಸ್ತೆಯ ಕಡೆ ಮುಗಿಸಿದರೆ 1940ರಲ್ಲಿ ಬೇಕರಿಯಾಗಿ ಶುರುವಾದ ಕೋಶೀಸ್ ಹತ್ತಿರದಲ್ಲೇ ಇದೆ, ಕೊಂಡ ಪುಸ್ತಕದ ಮೊದಲ ಅಧ್ಯಾಯವನ್ನು ಅಲ್ಲಿ ಕೂತು ಓದಬಹುದು.