ಕೋವಿಯ ಕೊಳೆಗೆ ಯಾವ ದ್ರಾವಕ?

ಆಯುಧಪೂಜೆ ಬಂದಿತೆಂದರೆ ನಂಜನಗೂಡು ಸೀಮೆಯ ತಗಡೂರಿನಂಥ ಊರುಗಳಲ್ಲಿ ಮಚ್ಚು, ಕುಡುಗೋಲು, ನೇಗಿಲುಗಳ ಜತೆಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳಿಗೂ ಸ್ನಾನವಾಗುತ್ತದೆ. ಕೆಸರು ಹತ್ತಿದ ಕಡೆ ನೀರು ಸಾಕು. ಗ್ರೀಸು ಮೆತ್ತಿದ ಕಡೆ ಕೊಡಗಟ್ಟಲೆ ನೀರು ಹೊಯ್ದರೂ ಪ್ರಯೋಜನವಿಲ್ಲ. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಅದ್ದಿದ ಬಟ್ಟೆಯೇ ಬೇಕು. ಕೊಳೆಯ ಗುಣ ನೋಡಿ ಅದನ್ನು ಕರಗಿಸುವ ದ್ರವವನ್ನು ಆರಿಸಬೇಕೆಂಬ ಈ ತಿಳಿವಳಿಕೆಯೇ ಬಂದೂಕು ಶುಚಿ ಮಾಡುವ ಕೆಲಸಕ್ಕೂ ತಳಹದಿ.

ಕರ್ನಾಟಕದಲ್ಲಿ ಕೋವಿಯ ಶುಚಿ ಮನೆವಾರ್ತೆಯ ಕೆಲಸದಂತೆ ನಡೆದುಬಂದಿರುವುದು ಕೊಡಗಿನಲ್ಲಿ. ಗದ್ದೆಯ ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಒರೆಸಿ, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಕೊಡವರಿಗೆ ನಿರಾಯುಧೀಕರಣದ ಕಾನೂನಿನಿಂದ ವಿನಾಯಿತಿ ದೊರೆತದ್ದು 1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಬ್ಬ ಬರುವುದು ಮಳೆಗಾಲದ ಕೊನೆಯಲ್ಲಿ. ತಿಂಗಳುಗಟ್ಟಲೆ ತೇವದ ಗಾಳಿಯಲ್ಲಿದ್ದ ಉಕ್ಕಿಗೆ ಆಗ ಆರೈಕೆ ಬೇಕೇ ಬೇಕು.

ಉಪ್ಪಿಗೆ ನೀರೇ ಮದ್ದು

ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಎರಡಕ್ಕೂ ಒಂದೊಂದು ಚಿಟಿಕೆ ಉಪ್ಪು ಹಾಕಿ ಕದಡಿ ನೋಡಿ. ನೀರಿನಲ್ಲಿ ಉಪ್ಪು ಮಾಯವಾಗುತ್ತದೆ, ಎಣ್ಣೆಯಲ್ಲಿ ಹರಳು ಹರಳಾಗಿ ತಳ ಸೇರುತ್ತದೆ. ನೀರಿನ ಅಣುವಿನ ಒಂದು ತುದಿಯಲ್ಲಿ ತುಸು ಧನ, ಇನ್ನೊಂದು ತುದಿಯಲ್ಲಿ ತುಸು ಋಣ ವಿದ್ಯುದಂಶ ಇರುವುದರಿಂದ ಅದು ಉಪ್ಪಿನ ಅಯಾನುಗಳನ್ನು ಎಳೆದು ಬೇರ್ಪಡಿಸುತ್ತದೆ. ಎಣ್ಣೆಗೆ ಆ ಶಕ್ತಿಯಿಲ್ಲ. ಅದು ತನ್ನಂಥ ಜಿಡ್ಡನ್ನು ಮಾತ್ರ ಕರಗಿಸಬಲ್ಲದು. ತನ್ನನ್ನು ಹೋಲುವುದನ್ನೇ ದ್ರಾವಕ ಕರಗಿಸುತ್ತದೆ ಎಂಬ ಕಾಲೇಜಿನ ಪಾಠ ಇದೇ.

ಹಳೆಯ ಕೇಪಿನ ಕೋವಿಗಳಲ್ಲಿ ಬಳಸುವುದು ಕಪ್ಪು ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ಸುಮಾರು 75, 15, 10ರ ಪ್ರಮಾಣದಲ್ಲಿ ಬೆರೆಸಿ ಮಾಡಿದ್ದು. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿಯೋ ಮಸಿಯಾಗಿಯೋ ಘನರೂಪದಲ್ಲೇ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ಗಳಂಥ ಲವಣಗಳೇ ಹೆಚ್ಚು. ನೀರು ಸೋಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುವುದು ಸಲ್ಫೈಡಿನಿಂದ. ಈ ಲವಣಗಳು ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನುತ್ತವೆ. ಇಂಥ ನಳಿಗೆಗೆ ದುಬಾರಿ ದ್ರಾವಕ ಬೇಕಿಲ್ಲ. ಸಾಬೂನು ಬೆರೆಸಿದ ಬಿಸಿನೀರಿಗಿಂತ ಮಿಗಿಲಾದದ್ದು ಇಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ತಯಾರಿಸಿದ ಮೇಲೆ ಮಸಿ ಕಡಿಮೆಯಾಯಿತು. ಆದರೆ ತುಕ್ಕು ನಿಲ್ಲಲಿಲ್ಲ. ಕಾರಣ, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ನಳಿಗೆ ಫಳಫಳ ಹೊಳೆಯುವಂತೆ ಎಣ್ಣೆ ಹಚ್ಚಿಟ್ಟರೂ ಎಣ್ಣೆಯ ಕೆಳಗೆ ಉಪ್ಪು ಉಳಿದು ತುಕ್ಕು ಹಿಡಿಯುತ್ತಿತ್ತು. .303 ರೈಫಲುಗಳ ಕಾಲದ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ನಳಿಗೆಗೆ ಆಲಿಕೆಯಿಟ್ಟು ಕುದಿಯುವ ನೀರು ಹೊಯ್ಯುತ್ತಿದ್ದುದು ಇದಕ್ಕೇ. ನೀರು ಉಪ್ಪನ್ನು ಕರಗಿಸುತ್ತಿತ್ತು. ಬಿಸಿಯಾದ ಉಕ್ಕು ತಾನೇ ಬೇಗ ಒಣಗುತ್ತಿತ್ತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಕ್ಲೋರೇಟ್ ಇಲ್ಲದ ಕೇಪು ಬಂದಿತು. ಈಗಿನ ಹೆಚ್ಚಿನ ತೋಟಾಗಳು ಆ ಬಗೆಯವು.

ಜಿಡ್ಡು, ಸೀಸ, ತಾಮ್ರ

ಹೊಗೆರಹಿತ ಮದ್ದು ಬಿಟ್ಟುಹೋಗುವ ಇಂಗಾಲದ ಮಸಿ ಹಳೆಯ ಎಣ್ಣೆಯೊಂದಿಗೆ ಬೆರೆತು ಜಿಡ್ಡುಗಟ್ಟುತ್ತದೆ. ಇದಕ್ಕೆ ಅಂಗಡಿಯಲ್ಲಿ ದೊರೆಯುವ ಬಂದೂಕು ದ್ರಾವಕ ಒಳ್ಳೆಯದು. ಸಿಗದಿದ್ದರೆ ಸೀಮೆಎಣ್ಣೆ, ಮಿನರಲ್ ಟರ್ಪೆಂಟೈನ್‌ಗಳೂ ಜಿಡ್ಡನ್ನು ಸಡಿಲಿಸುತ್ತವೆ. ಇಂಗಾಲ ನಿಜಕ್ಕೂ ಯಾವುದರಲ್ಲೂ ಕರಗುವುದಿಲ್ಲ. ಅದನ್ನು ಹಿಡಿದಿಟ್ಟ ಜಿಡ್ಡು ಕರಗಿದ ಮೇಲೆ ಬ್ರಷ್ಷು, ಬಟ್ಟೆಗಳು ಅದನ್ನು ಹೊರಗೆ ತರುತ್ತವೆ. ಸೀಸದ ಕತೆಯೂ ಅಷ್ಟೆ. ದ್ರಾವಕ ನೆನೆಸುತ್ತದೆ, ಕಂಚಿನ ಬ್ರಷ್ಷು ಕೀಳುತ್ತದೆ.

ತಾಮ್ರದ ಹೊದಿಕೆಯ ಗುಂಡು ಹಾರಿಸುವ ರೈಫಲುಗಳಲ್ಲಿ ಮಾತ್ರ ತಾಮ್ರದ ಪದರ ಕೂರುತ್ತದೆ. ಅದಕ್ಕೆ ಅಮೋನಿಯ ಇರುವ ದ್ರಾವಕ ಬೇಕು. ಪ್ರಯೋಗಾಲಯದಲ್ಲಿ ಮೈಲುತುತ್ತದ ದ್ರಾವಣಕ್ಕೆ ಅಮೋನಿಯ ಹೆಚ್ಚಾಗಿ ಬೆರೆಸಿದಾಗ ಬರುವ ಕಡುನೀಲಿಯೇ ಇಲ್ಲಿ ಬಟ್ಟೆಯ ಮೇಲೂ ಕಾಣುತ್ತದೆ. ಆದರೆ ಕಂಚಿನ ಬ್ರಷ್ಷಿನಲ್ಲೂ ತಾಮ್ರವಿದೆ. ಅದೇ ಕರಗಿ ನೀಲಿ ತೋರಿಸಿ ಮೋಸ ಮಾಡುವುದುಂಟು. 1948ರಲ್ಲಿ ಆರಂಭವಾದ ಎನ್.ಸಿ.ಸಿ.ಯ ಕೆಡೆಟ್ಟುಗಳು ಕಲಿಯುವ .22 ರೈಫಲಿನ ಗುಂಡು ಸಾಮಾನ್ಯವಾಗಿ ಬರಿಯ ಸೀಸದ್ದು. ಅದಕ್ಕೆ ಅಮೋನಿಯ ಬೇಕಾಗಿಯೇ ಇಲ್ಲ. ಪುಲ್‌ಥ್ರೂ ದಾರ, ಬಟ್ಟೆ, ಹದವಾದ ಎಣ್ಣೆ ಸಾಕು.

ಕೋವಿಗಿಂತ ಮೊದಲು ಮೈ

ಯಾವ ದ್ರಾವಕ ಚೆನ್ನಾಗಿ ಕರಗಿಸುತ್ತದೆ ಎಂಬುದು ಅರ್ಧ ಪ್ರಶ್ನೆ ಮಾತ್ರ. ಅದು ಕೈಗೆ, ಶ್ವಾಸಕ್ಕೆ, ಮನೆಗೆ ಏನು ಮಾಡುತ್ತದೆ ಎಂಬುದು ಉಳಿದರ್ಧ. ಪೆಟ್ರೋಲು ಜಿಡ್ಡನ್ನು ಬೇಗ ತೆಗೆಯುತ್ತದೆ, ನಿಜ. ಆದರೆ ಎಂಥ ಚಳಿಯಲ್ಲೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಜತೆಗೆ ಕ್ಯಾನ್ಸರ್‌ಕಾರಕವಾದ ಬೆನ್ಜೀನ್ ಅದರಲ್ಲಿದೆ. ಅದನ್ನು ಬಳಸಲೇಬಾರದು. ಥಿನ್ನರ್ ಕೋವಿಯ ಹಿಡಿಯ ವಾರ್ನಿಷನ್ನೂ ಕಿತ್ತುಬಿಡುತ್ತದೆ. ಅಮೋನಿಯ ದ್ರಾವಕವನ್ನು ಬ್ಲೀಚಿನೊಂದಿಗೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಯಾವುದೇ ದ್ರಾವಕವಾದರೂ ಬಯಲಿನಲ್ಲಿ ಅಥವಾ ಕಿಟಕಿ ತೆರೆದಿಟ್ಟು, ಒಲೆ, ದೀಪ, ಬೀಡಿಗಳಿಂದ ದೂರದಲ್ಲಿ, ಕೈಗವಸು ತೊಟ್ಟು ಬಳಸಬೇಕು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಮಸಿಯಲ್ಲಿ ಸೀಸವಿರುತ್ತದೆ, ಎಳೆಯ ಮಕ್ಕಳ ಮಿದುಳಿಗೆ ಅದು ಅಲ್ಪ ಪ್ರಮಾಣದಲ್ಲೂ ಕೇಡು.

ತಂದೆತಾಯಿಗಳು ಮರೆಯಬಾರದ ಮಾತೊಂದಿದೆ. ಸೀಮೆಎಣ್ಣೆಯನ್ನಾಗಲಿ ಟರ್ಪೆಂಟೈನನ್ನಾಗಲಿ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲೂ ಬೇಡಿ. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದೊಂದೇ ದಾರಿ.

ಇನ್ನು ಕೆಲಸದ ಕ್ರಮ. ಮೊದಲು ಕೋವಿ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ತೋಟಾಗಳು ಬೇರೆ ಕೋಣೆಯಲ್ಲಿರಬೇಕು. ಆಮೇಲೆ ದ್ರಾವಕ, ಬ್ರಷ್ಷು, ಬಟ್ಟೆ. ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ. ದ್ರಾವಕ ಕೊಳೆಯೊಂದಿಗೆ ಕಾಪಿಡುವ ಎಣ್ಣೆಯನ್ನೂ ಒಯ್ಯುವುದರಿಂದ ತೊಳೆದು ಹಾಗೇ ಬಿಟ್ಟ ಉಕ್ಕು ಕೊಳೆಯಾದ ಉಕ್ಕಿಗಿಂತ ಬೇಗ ತುಕ್ಕು ಹಿಡಿಯಬಹುದು. ಅಡುಗೆಮನೆಯ ಎಣ್ಣೆ ಇದಕ್ಕೆ ಒಗ್ಗದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಬಿಡಿಭಾಗಗಳು ಅಂಟಿಕೊಳ್ಳುತ್ತವೆ. ಗನ್ ಆಯಿಲ್ ಅಥವಾ ತೆಳು ಮೆಷಿನ್ ಎಣ್ಣೆ ಸರಿ. ಮತ್ತೆ ಗುಂಡು ಹಾರಿಸುವ ಮೊದಲು ನಳಿಗೆಯ ಒಳಗಿನ ಎಣ್ಣೆಯನ್ನು ಒರೆಸಿ ತೆಗೆಯಬೇಕು.

1959ರ ಆಯುಧ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲ. ನಿಯಮಬದ್ಧ ತರಬೇತಿಗೆ ಮಾತ್ರ ಅವಕಾಶವಿದೆ. ಆದ್ದರಿಂದ ಮನೆಯ ಕೋವಿಯ ಶುಚಿ ಹಿರಿಯರ ಕೆಲಸ. ವಿದ್ಯಾರ್ಥಿಗಳಿಗೆ ಇದರಲ್ಲಿ ದಕ್ಕುವುದು ಕೋವಿಗಿಂತ ದೊಡ್ಡದು: ಸೈಕಲ್ಲಿನ ಚೈನಾಗಲಿ, ಅಂಗಿಯ ಮೇಲಿನ ಡಾಂಬರಾಗಲಿ, ಕೈಗೆ ಸಿಕ್ಕಿದ್ದನ್ನು ಸುರಿಯುವ ಮೊದಲು ಇದು ಯಾವ ಕೊಳೆ ಎಂದು ಕೇಳುವ ಅಭ್ಯಾಸ.